ಹದಿನೈದು ಅಡಿಯ ಅಗ್ನಿಪರೀಕ್ಷೆ

ಬ್ಯಾಸ್ಕೆಟ್‌ಬಾಲ್ ಆಟದಲ್ಲಿ ಓಟವೇ ಪ್ರಧಾನ. ಹತ್ತು ಮಂದಿ ಒಂದೇ ಚೆಂಡಿನ ಹಿಂದೆ ಅಂಗಣದ ಈ ತುದಿಯಿಂದ ಆ ತುದಿಗೆ ಧಾವಿಸುತ್ತ, ನೆಗೆಯುತ್ತ, ಒಬ್ಬರನ್ನೊಬ್ಬರು ತಡೆಯುತ್ತ, ಕ್ಷಣಕ್ಕೊಂದು ವ್ಯೂಹವನ್ನು ಕಟ್ಟಿ ಮುರಿಯುತ್ತಿರುವಾಗ ನೋಡುವವರ ಕಣ್ಣಿಗೂ ಬಿಡುವಿರುವುದಿಲ್ಲ. ಇಂಥ ಆಟ ನಡುನಡುವೆ ಥಟ್ಟನೆ ನಿಂತುಬಿಡುತ್ತದೆ. ರೆಫರಿ ಸೀಟಿ ಊದುತ್ತಾನೆ, ಗಡಿಯಾರ ನಿಲ್ಲುತ್ತದೆ, ಒಂಬತ್ತು ಮಂದಿ ಸುಮ್ಮನೆ ನಿಂತು ನೋಡುತ್ತಾರೆ. ಹತ್ತನೆಯವನು ಮಾತ್ರ ನೆಲದ ಮೇಲೆಳೆದ ಗೆರೆಯ ಹಿಂದೆ ಚೆಂಡು ಹಿಡಿದು ಒಬ್ಬಂಟಿಗನಾಗಿ ನಿಲ್ಲುತ್ತಾನೆ. ಎದುರಾಳಿ ಮೈಮೇಲೆ ಬಿದ್ದು ಮಾಡಿದ ತಪ್ಪಿಗೆ ಪ್ರತಿಯಾಗಿ ಅವನಿಗೆ ದೊರೆತ ಸದವಕಾಶವಿದು. ಇದಕ್ಕೆ ಫ್ರೀ ಥ್ರೋ ಎಂದು ಹೆಸರು. ಅಡ್ಡಿಯಿಲ್ಲದ ಎಸೆತ ಎನ್ನಬಹುದು.

ಹೆಸರಿಗೆ ತಕ್ಕಂತೆ ಇಲ್ಲಿ ಅಡ್ಡಿಯೆಂಬುದು ಇಲ್ಲವೇ ಇಲ್ಲ. ಗೆರೆಯಿಂದ ಹಿಂಬದಿಯ ಹಲಗೆಗೆ 15 ಅಡಿ. ಬಳೆ ನೆಲದಿಂದ 10 ಅಡಿ ಎತ್ತರದಲ್ಲಿದೆ. ಈ ಅಳತೆಗಳು ಇಂದು ಒಂದು, ನಾಳೆ ಒಂದು ಎಂದು ಬದಲಾಗುವುದಿಲ್ಲ. ಕ್ರಿಕೆಟ್ಟಿನ ಪಿಚ್ಚಿನಂತೆ ಇಲ್ಲಿ ಒದ್ದೆ, ಒಣಗು ಎಂಬ ನೆಪಗಳೂ ಇಲ್ಲ. ಎಸೆಯುವವನಿಗೆ ಸಾವಧಾನವೂ ಉಂಟು: ಅಂತರರಾಷ್ಟ್ರೀಯ ನಿಯಮದಂತೆ 5 ಸೆಕೆಂಡು, ಅಮೆರಿಕದ ವೃತ್ತಿಪರ ಸಂಘವಾದ ಎನ್.ಬಿ.ಎ.ಯ ಪಂದ್ಯಗಳಲ್ಲಿ 10 ಸೆಕೆಂಡು. ಹೀಗಿರುವಾಗ, ದಿನವೂ ಗಂಟೆಗಟ್ಟಲೆ ಸಾಧನೆ ಮಾಡುವ, ಇದರಿಂದಲೇ ಕೋಟಿಗಟ್ಟಲೆ ಸಂಪಾದಿಸುವ ಆಟಗಾರರು ನೂರಕ್ಕೆ ನೂರು ಸಲವೂ ಗುರಿ ಮುಟ್ಟಬೇಕಷ್ಟೆ? ನಿಜಸ್ಥಿತಿ ಹಾಗಿಲ್ಲ. ಎನ್.ಬಿ.ಎ. ಆಟಗಾರರ ಸರಾಸರಿ ದಶಕಗಳ ಕಾಲ ನೂರಕ್ಕೆ 75ರ ಆಸುಪಾಸಿನಲ್ಲೇ ನಿಂತಿತ್ತು. ಈಚಿನ ವರ್ಷಗಳಲ್ಲಿ 78ರವರೆಗೆ ಏರಿದ್ದೇ ದೊಡ್ಡ ಸುದ್ದಿ. ಆ ದೇಶದ ಕಾಲೇಜು ತಂಡಗಳದು 70ರ ಸುತ್ತಮುತ್ತ. ಬೂಟು ಬದಲಾಯಿತು, ಆಹಾರ ಬದಲಾಯಿತು, ತರಬೇತಿಯ ಕ್ರಮ ಬದಲಾಯಿತು. ಗೆರೆಯ ಹಿಂದೆ ನಿಂತ ಮನುಷ್ಯ ಮಾತ್ರ ನಾಲ್ಕು ಎಸೆತಕ್ಕೆ ಒಂದನ್ನು ಕಳೆದುಕೊಳ್ಳುತ್ತಲೇ ಬಂದ.

1891ರ ಡಿಸೆಂಬರಿನಲ್ಲಿ ಅಮೆರಿಕದ ಸ್ಪ್ರಿಂಗ್‌ಫೀಲ್ಡ್ ಊರಿನ ವೈ.ಎಂ.ಸಿ.ಎ. ತರಬೇತಿ ಶಾಲೆಯಲ್ಲಿ ಜೇಮ್ಸ್ ನೈಸ್ಮಿತ್ ಎಂಬ ಉಪಾಧ್ಯಾಯರು ಪೀಚ್ ಹಣ್ಣಿನ ಬುಟ್ಟಿಗಳೆರಡನ್ನು ಮೊಗಸಾಲೆಯ ಕಟಕಟೆಗೆ ಬಿಗಿದು ಈ ಆಟವನ್ನು ಹೂಡಿದಾಗ ಫ್ರೀ ಥ್ರೋ ಇರಲಿಲ್ಲ. ಅವರು ಬರೆದ 13 ನಿಯಮಗಳ ಪ್ರಕಾರ ಒಂದು ಪಕ್ಷ ಎಡೆಬಿಡದೆ ಮೂರು ತಪ್ಪು ಮಾಡಿದರೆ ಎದುರು ಪಕ್ಷಕ್ಕೆ ಒಂದು ಗೋಲು ಸಲ್ಲುತ್ತಿತ್ತು. ಫ್ರೀ ಥ್ರೋ ಬಂದದ್ದು ಕೆಲವು ವರ್ಷಗಳ ಅನಂತರ. ಆಗಲೂ ತಂಡಕ್ಕೊಬ್ಬ ನುರಿತ ಎಸೆತಗಾರನಿದ್ದು, ಪೆಟ್ಟು ತಿಂದವನು ಯಾರೇ ಆಗಿರಲಿ, ಎಸೆಯುವ ಕೆಲಸ ಅವನದೇ ಆಗಿತ್ತು. 1923-24ರಲ್ಲಿ ಈ ಪದ್ಧತಿ ನಿಂತು, ಪೆಟ್ಟು ತಿಂದವನೇ ಎಸೆಯಬೇಕೆಂಬ ನಿಯಮ ಬಂತು. ಅಂದಿನಿಂದ ಪ್ರತಿಯೊಬ್ಬನೂ ತನ್ನ ಭಾರವನ್ನು ತಾನೇ ಹೊರಬೇಕಾಯಿತು. ಈ ಲೇಖನದ ಕಥೆಗಳೆಲ್ಲ ಆ ನಿಯಮದ ಫಲ.

ಬಳೆ ಎಷ್ಟು ದೊಡ್ಡದು?

ಮೊದಲು ಚೆಂಡಿನ ಲೆಕ್ಕವನ್ನು ನೋಡಬೇಕು. ಬಳೆಯ ಒಳಗಿನ ಅಗಲ 18 ಅಂಗುಲ. ಚೆಂಡಿನದು ಸುಮಾರು ಒಂಬತ್ತೂವರೆ. ಎರಡು ಚೆಂಡುಗಳನ್ನು ಒಟ್ಟಿಗೆ ತೂರಿಸಲು ಕೂದಲೆಳೆಯಷ್ಟೇ ಕಡಮೆ ಎನ್ನುವಷ್ಟು ವಿಶಾಲವಾದ ಬಾಯಿ. ಆದರೆ ಈ ವಿಶಾಲತೆ ನೆತ್ತಿಯ ಮೇಲಿನಿಂದ ಇಳಿದು ಬರುವ ಚೆಂಡಿಗೆ ಮಾತ್ರ. ಮೇಜಿನ ಮೇಲಿಟ್ಟ ಲೋಟವನ್ನು ನೇರ ಮೇಲಿನಿಂದ ನೋಡಿದರೆ ಬಾಯಿ ದುಂಡಗೆ ಕಾಣುತ್ತದೆ. ಕುಳಿತು ಓರೆಯಿಂದ ನೋಡಿದರೆ ಸೀಳಿದ ಹುಣಿಸೆಬೀಜದಂತೆ ಚಪ್ಪಟೆಯಾಗುತ್ತದೆ. ಚೆಂಡಿನ ಪಾಲಿಗೂ ಹಾಗೆಯೇ. ಅದು ಎಷ್ಟು ಓರೆಯಾಗಿ ಬಂದರೆ ಅದಕ್ಕೆ ಕಾಣುವ ಬಾಯಿ ಅಷ್ಟು ಕಿರಿದು. ಸುಮಾರು 32 ಡಿಗ್ರಿಗಿಂತ ಕಡಮೆ ಕೋನದಲ್ಲಿ ಬಂದ ಚೆಂಡು ಬಳೆಯನ್ನು ಮುಟ್ಟದೆ ಒಳಗೆ ಹೋಗುವುದು ಸಾಧ್ಯವೇ ಇಲ್ಲ.

ಹಾಗಾದರೆ ಆಕಾಶಕ್ಕೆ ಎತ್ತಿ ಎಸೆದರಾಯಿತಲ್ಲ ಎನ್ನಬಹುದು. ಎತ್ತಿ ಎಸೆಯಲು ಹೆಚ್ಚು ಬಲ ಬೇಕು. ಬಲ ಹೆಚ್ಚಿದಂತೆ ಅಳತೆ ತಪ್ಪುವ ಸಂಭವವೂ ಹೆಚ್ಚು. ನ್ಯೂಯಾರ್ಕಿನ ಬ್ರೂಕ್ಲಿನ್ ಕಾಲೇಜಿನಲ್ಲಿ ಭೌತಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಪೀಟರ್ ಬ್ರಾಂಕಾಜಿಯೊ ಅವರು 1981ರಲ್ಲಿ ಈ ಆಟದ ಭೌತಶಾಸ್ತ್ರವನ್ನು ಕುರಿತು ಒಂದು ಪ್ರಬಂಧ ಪ್ರಕಟಿಸಿ, ಬಲ ಅತ್ಯಂತ ಕಡಮೆ ಸಾಕಾಗುವ ಕೋನಕ್ಕೆ ಸಮೀಪದಲ್ಲಿ ಎಸೆಯುವುದೇ ಲೇಸೆಂದು ತೋರಿಸಿದರು. ಏಳು ಅಡಿ ಎತ್ತರದಿಂದ ಚೆಂಡು ಬಿಡುವವನಿಗೆ ಆ ಕೋನ 51 ಡಿಗ್ರಿಯಷ್ಟು. ಈ ಕೋನಕ್ಕೆ ಒಂದು ವಿಶೇಷ ಗುಣವುಂಟು: ಕೈ ಒಂದೆರಡು ಡಿಗ್ರಿ ಅತ್ತಿತ್ತಾದರೂ ಚೆಂಡು ಬೀಳುವ ಜಾಗ ಹೆಚ್ಚು ಕದಲುವುದಿಲ್ಲ. ಪ್ರಕೃತಿ ತೋರಿಸುವ ದಯೆ ಇಷ್ಟೇ. ವೇಗದ ವಿಷಯದಲ್ಲಿ ಅದು ನಿರ್ದಯಿ. ಸೆಕೆಂಡಿಗೆ ಸುಮಾರು 23 ಅಡಿ ವೇಗದಲ್ಲಿ ಹೊರಡಬೇಕಾದ ಚೆಂಡಿನ ವೇಗ ನೂರಕ್ಕೆ ಒಂದೇ ಒಂದು ಪಾಲು ಹೆಚ್ಚಾದರೂ ಅದು ನಾಲ್ಕು ಅಂಗುಲ ಮುಂದೆ ಹೋಗಿ ಬೀಳುತ್ತದೆ. ಈ ಕೋನದಲ್ಲಿ ಬಳೆಯನ್ನು ಸೋಕದೆ ಒಳಸೇರಲು ಚೆಂಡಿಗಿರುವ ಅವಕಾಶವೋ, ಹಿಂದೆ ಒಂದೂವರೆ ಅಂಗುಲ, ಮುಂದೆ ಒಂದೂವರೆ ಅಂಗುಲ! ಕೈಬೆರಳು ಬಿಟ್ಟ ಮೇಲೆ ಚೆಂಡು ಗಾಳಿಯಲ್ಲಿರುವುದು ಒಂದು ಸೆಕೆಂಡಿಗಿಂತ ತುಸು ಕಡಮೆ. ಆ ಒಂದು ಸೆಕೆಂಡಿನ ಭವಿಷ್ಯವೆಲ್ಲ ಬೆರಳ ತುದಿಯ ಒತ್ತಡದಲ್ಲಿ ಬರೆದಾಗಿರುತ್ತದೆ.

ಬಳೆಯನ್ನು ಸೋಕಿದ ಚೆಂಡೆಲ್ಲ ಹೊರಗೆ ಬೀಳುವುದಿಲ್ಲವೆಂಬುದು ಎಸೆಯುವವನ ಪುಣ್ಯ. ಚೆಂಡು ತನ್ನ ಕಡೆಗೆ ಹಿಮ್ಮುಖವಾಗಿ ತಿರುಗುತ್ತ ಹೋದರೆ, ಬಳೆಗೋ ಹಲಗೆಗೋ ತಗುಲಿದಾಗ ಅದರ ರಭಸ ತಗ್ಗಿ ಕೆಳಕ್ಕೆ ಜಾರುತ್ತದೆ. ನಾರ್ತ್ ಕ್ಯಾರೊಲೈನಾ ರಾಜ್ಯ ವಿಶ್ವವಿದ್ಯಾಲಯದ ಇಬ್ಬರು ವಿಜ್ಞಾನಿಗಳು ಗಣಕಯಂತ್ರದಲ್ಲಿ ಅಸಂಖ್ಯಾತ ಎಸೆತಗಳನ್ನು ಎಸೆಸಿ ನೋಡಿ 2008ರಲ್ಲಿ ಪ್ರಕಟಿಸಿದ ಅಭಿಪ್ರಾಯವಿದು: ಕೋನ 52 ಡಿಗ್ರಿ, ಚೆಂಡಿಗೆ ಸೆಕೆಂಡಿಗೆ ಮೂರು ಹಿಮ್ಮುಖ ಸುತ್ತು, ಗುರಿ ಬಳೆಯ ನಡುವಿಗಲ್ಲ, ಹಿಂದಿನ ಅಂಚಿನ ಕಡೆಗೆ ಸ್ವಲ್ಪ ಸರಿದು. ಚೆಂಡನ್ನು ಆದಷ್ಟು ಎತ್ತರದಿಂದ ಬಿಡಬೇಕೆಂಬುದೂ ಅವರ ಸಲಹೆ.

ಈ ಕೊನೆಯ ಸಲಹೆಯಂತೆ ಎತ್ತರದ ಆಳುಗಳೇ ಈ ಕಲೆಯಲ್ಲಿ ಮುಂದಿರಬೇಕು. ನಡೆದದ್ದು ತಿರುವುಮುರುವು. 1980-81ರಲ್ಲಿ 215 ಎಸೆತಗಳಲ್ಲಿ 206ನ್ನು ಗುರಿ ಮುಟ್ಟಿಸಿದ ಕ್ಯಾಲ್ವಿನ್ ಮರ್ಫಿ ಎನ್.ಬಿ.ಎ.ಯ ಕುಳ್ಳರಲ್ಲೊಬ್ಬ, ಎತ್ತರ 5 ಅಡಿ 9 ಅಂಗುಲ. ಏಳಡಿಯ ಶಾಕೀಲ್ ಓನೀಲ್ ತನ್ನ ಜೀವಮಾನದಲ್ಲಿ 11,252 ಎಸೆತಗಳಲ್ಲಿ 5,935ನ್ನು ಮಾತ್ರ ಒಳಗೆ ಹಾಕಿದ. ನೂರಕ್ಕೆ 53 ಕೂಡ ಆಗಲಿಲ್ಲ. 2000ದ ಡಿಸೆಂಬರ್ 8ರಂದು ಸಿಯಾಟಲ್ ತಂಡದ ವಿರುದ್ಧ ಆತ ಎಸೆದ ಹನ್ನೊಂದೂ ವ್ಯರ್ಥವಾದವು. ಎದುರಾಳಿಗಳು ಇದನ್ನೇ ಅಸ್ತ್ರವಾಗಿಸಿಕೊಂಡು, ಚೆಂಡು ಎಲ್ಲೇ ಇರಲಿ, ಬೇಕೆಂದೇ ಅವನನ್ನು ಹಿಡಿದು ಜಗ್ಗಿ ಗೆರೆಗೆ ಕಳುಹಿಸುತ್ತಿದ್ದರು. ತಪ್ಪು ಮಾಡಿ ಲಾಭ ಪಡೆಯುವ ಈ ಉಪಾಯ ಆಟದ ಧರ್ಮಕ್ಕೆ ಒಪ್ಪುವುದೇ ಎಂಬುದು ಬೇರೆ ಮಾತು. ಉಪಾಯವೂ ಯಾವಾಗಲೂ ಫಲಿಸಲಿಲ್ಲ. 1997ರ ಡಿಸೆಂಬರಿನಲ್ಲಿ ಡಲ್ಲಾಸ್ ತಂಡ ಚಿಕಾಗೋದ ಡೆನಿಸ್ ರಾಡ್‌ಮನ್‌ನನ್ನು ಹೀಗೆಯೇ ಪೀಡಿಸಹೋಗಿ, ಆ ಕೆಲಸಕ್ಕೆ ನೇಮಿಸಿದ ಬುಬ್ಬಾ ವೆಲ್ಸ್ ಮೂರೇ ನಿಮಿಷದಲ್ಲಿ ಆರು ತಪ್ಪು ಮಾಡಿ ಹೊರಬಿದ್ದ. ಅಂದು ರಾಡ್‌ಮನ್ 12ರಲ್ಲಿ 9 ಹಾಕಿದ.

ಅಜ್ಜಿಯ ಎಸೆತ

ಎತ್ತರದವರ ಈ ದೌರ್ಬಲ್ಯಕ್ಕೆ ಮದ್ದಿಲ್ಲದೆ ಇಲ್ಲ. ಮದ್ದನ್ನು ಕುಡಿದು, ಗುಣ ಕಂಡು, ಆಮೇಲೆ ಬಟ್ಟಲನ್ನೇ ದೂರ ತಳ್ಳಿದವನ ಕಥೆ ಈ ಆಟದ ಇತಿಹಾಸದಲ್ಲೇ ವಿಚಿತ್ರವಾದದ್ದು.

ವಿಲ್ಟ್ ಚೇಂಬರ್ಲಿನ್ 7 ಅಡಿ 1 ಅಂಗುಲದ ಮಹಾಕಾಯ. 1960-61ರಲ್ಲಿ ಆತನ ಫ್ರೀ ಥ್ರೋ ನೂರಕ್ಕೆ 50. ಮರುವರ್ಷ ಆತ ರೀತಿಯನ್ನೇ ಬದಲಿಸಿದ. ಚೆಂಡನ್ನು ತಲೆಯ ಮೇಲೆತ್ತಿ ಎಸೆಯುವುದನ್ನು ಬಿಟ್ಟು, ಎರಡೂ ಕೈಗಳಲ್ಲಿ ಹಿಡಿದು, ಮೊಣಕಾಲ ನಡುವಿನಿಂದ ತೂಗಿ ಮೇಲಕ್ಕೆ ತೇಲಿಬಿಡತೊಡಗಿದ. ಅಮೆರಿಕದ ಮಕ್ಕಳು ಇದನ್ನು 'ಅಜ್ಜಿಯ ಎಸೆತ' ಎಂದು ಹಾಸ್ಯ ಮಾಡುತ್ತಾರೆ. ಹಾಸ್ಯವೇನೇ ಇರಲಿ, ಇದರಲ್ಲಿ ಯುಕ್ತಿಯಿದೆ: ಎರಡು ತೋಳುಗಳೂ ಸಮನಾಗಿ ಚಲಿಸುವುದರಿಂದ ಚೆಂಡು ಎಡಬಲಕ್ಕೆ ಸರಿಯುವ ಸಂಭವ ಕಡಮೆ, ಮಣಿಕಟ್ಟು ಮೊಣಕೈಗಳ ಕಸರತ್ತು ಕಡಮೆ, ಚೆಂಡು ಮೆಲ್ಲಗೆ, ಹಿಮ್ಮುಖವಾಗಿ ಸುತ್ತುತ್ತ ಹೋಗಿ ಹೂವಿನಂತೆ ಇಳಿಯುತ್ತದೆ. ಆ ವರ್ಷ ಆತನ ಲೆಕ್ಕ ನೂರಕ್ಕೆ 61ಕ್ಕೆ ಏರಿತು. 1962ರ ಮಾರ್ಚ್ 2ರಂದು, ಪೆನ್ಸಿಲ್ವೇನಿಯಾದ ಹರ್ಷಿ ಎಂಬ, ಚಾಕೊಲೇಟಿಗೆ ಹೆಸರಾದ ಪುಟ್ಟ ಊರಿನಲ್ಲಿ, 4,124 ಮಂದಿಯ ಎದುರಿನಲ್ಲಿ ಫಿಲಡೆಲ್ಫಿಯಾ ತಂಡಕ್ಕಾಗಿ ನ್ಯೂಯಾರ್ಕಿನ ಮೇಲೆ ಆಡುತ್ತ ಚೇಂಬರ್ಲಿನ್ ಒಂದೇ ಪಂದ್ಯದಲ್ಲಿ 100 ಅಂಕ ಗಳಿಸಿದ. ಇಂದಿಗೂ ಎನ್.ಬಿ.ಎ.ಯಲ್ಲಿ ಯಾರೂ ಆ ಸಂಖ್ಯೆಯನ್ನು ಮುಟ್ಟಿಲ್ಲ. ಆ ನೂರರಲ್ಲಿ 28 ಅಂಕಗಳು ಫ್ರೀ ಥ್ರೋಗಳಿಂದ ಬಂದವು, ಎಸೆದದ್ದು 32. ನೂರಕ್ಕೆ ಐವತ್ತರ ಆಸಾಮಿ ಅಂದು ಎಸೆದ ಎಂಟರಲ್ಲಿ ಏಳನ್ನು ಗುರಿ ಮುಟ್ಟಿಸಿದ!

ಇಂಥ ಫಲ ಕಂಡ ಮೇಲೆ ಯಾರಾದರೂ ಆ ರೀತಿಯನ್ನು ಬಿಟ್ಟಾರೆಯೇ? ಚೇಂಬರ್ಲಿನ್ ಬಿಟ್ಟ. ಹಾಗೆ ಎಸೆಯುವಾಗ ಪೆದ್ದನಂತೆ, ಹೇಡಿಯಂತೆ ಕಾಣುತ್ತೇನೆಂಬ ನಾಚಿಕೆ ತನ್ನನ್ನು ಕಾಡಿತೆಂದೂ, ಅದು ತಪ್ಪೆಂದು ತನಗೆ ಗೊತ್ತಿತ್ತೆಂದೂ, ಆದರೂ ತನ್ನಿಂದಾಗಲಿಲ್ಲವೆಂದೂ ಆತ ಮುಂದೆ ತನ್ನ ಆತ್ಮಕಥನದಲ್ಲಿ ಬರೆದುಕೊಂಡ. 1967-68ರ ಹೊತ್ತಿಗೆ ಆತನ ಲೆಕ್ಕ ನೂರಕ್ಕೆ 38ಕ್ಕೆ ಕುಸಿದಿತ್ತು. ಜೀವಮಾನದಲ್ಲಿ ಎಸೆದ 11,862ರಲ್ಲಿ 5,805 ಎಸೆತಗಳು ಮಣ್ಣುಪಾಲಾದವು. ನಾಲ್ಕು ಜನ ನಗುತ್ತಾರೆಂಬ ಅಂಜಿಕೆ ಏಳಡಿಯ ದೈತ್ಯನನ್ನೂ ಬಿಡಲಿಲ್ಲ.

ಆ ನಗುವಿಗೆ ಅಂಜದೆ ಉಳಿದವನು ರಿಕ್ ಬ್ಯಾರಿ. ಆತನೂ ಶಾಲೆಯ ದಿನಗಳಲ್ಲಿ, ಇದು ಹೆಣ್ಣುಮಕ್ಕಳ ಎಸೆತವೆಂದು ಹಿಂಜರಿದಿದ್ದ. ತಂದೆ ಬಿಡಲಿಲ್ಲ, ಗುರಿ ತಪ್ಪದವನನ್ನು ಯಾರೂ ಗೇಲಿ ಮಾಡಲಾರರೆಂದು ಒತ್ತಾಯಿಸಿದರು. ಮಗ ಕೊನೆಗೆ ಒಪ್ಪಿದ. ಎನ್.ಬಿ.ಎ.ಯಲ್ಲಿ ಆತನ ಜೀವಮಾನದ ಸರಾಸರಿ ನೂರಕ್ಕೆ 90. 1978-79ರಲ್ಲಿ ಎಸೆದ 169ರಲ್ಲಿ ತಪ್ಪಿದ್ದು 9 ಮಾತ್ರ. ಮುಂದೆ ಆತ ಈ ವಿದ್ಯೆಯನ್ನು ಪ್ರಚಾರ ಮಾಡಲು ಬಹಳ ಶ್ರಮಿಸಿದ. ಕಲಿಯಲು ಬಂದವರು ವಿರಳ. ಓನೀಲನಂತೂ ಸೊನ್ನೆ ಬಂದರೂ ಸರಿಯೆ, ಆ ರೀತಿ ಮಾತ್ರ ಒಲ್ಲೆನೆಂದುಬಿಟ್ಟ. ಬ್ಯಾರಿಯ ಮಗ ಕ್ಯಾನಿಯನ್ ಮಾತ್ರ ಫ್ಲಾರಿಡಾ ವಿಶ್ವವಿದ್ಯಾಲಯದ ತಂಡದಲ್ಲಿ 2016-17ರಲ್ಲಿ ತಂದೆಯ ರೀತಿಯಲ್ಲೇ ಎಸೆದು ಹೆಸರು ಪಡೆದ.

ಕೈಗೆ ಬಂದ ತುತ್ತು

ಲೆಕ್ಕ, ಕೋನ, ರೀತಿ ಎಲ್ಲವೂ ಸರಿಯಿದ್ದು ಮನಸ್ಸು ಕೈಕೊಟ್ಟರೆ?

1995ರ ಜೂನ್ 7ರಂದು ಒರ್ಲ್ಯಾಂಡೊ ನಗರದಲ್ಲಿ ಎನ್.ಬಿ.ಎ. ಅಂತಿಮ ಸರಣಿಯ ಮೊದಲ ಪಂದ್ಯ. ಒರ್ಲ್ಯಾಂಡೊ ತಂಡ ಹ್ಯೂಸ್ಟನ್ನಿಗಿಂತ ಮೂರು ಅಂಕ ಮುಂದಿತ್ತು. ಉಳಿದದ್ದು ಸುಮಾರು ಹತ್ತು ಸೆಕೆಂಡು. ನಿಕ್ ಆಂಡರ್ಸನ್ ಎರಡು ಫ್ರೀ ಥ್ರೋಗಳಿಗಾಗಿ ಗೆರೆಗೆ ಬಂದ. ಆ ವರ್ಷ ನೂರಕ್ಕೆ 70 ಹಾಕಿದ್ದ ಆಟಗಾರ. ಎರಡರಲ್ಲಿ ಒಂದು ಬಿದ್ದಿದ್ದರೆ ಪಂದ್ಯ ಮುಗಿಯುತ್ತಿತ್ತು. ಮೊದಲನೆಯದು ತಪ್ಪಿತು. ಎರಡನೆಯದೂ ತಪ್ಪಿತು. ಮರಳಿ ಬಂದ ಚೆಂಡನ್ನು ಆಂಡರ್ಸನ್ನನೇ ಹಿಡಿದ. ಎದುರಾಳಿಗಳು ಮತ್ತೆ ಫೌಲ್ ಮಾಡಿದರು. ಅದೃಷ್ಟ ಎರಡನೆಯ ಸಲ ಬಾಗಿಲು ತಟ್ಟಿದಂತಾಯಿತು. ಮೂರನೆಯದು ತಪ್ಪಿತು, ನಾಲ್ಕನೆಯದೂ ತಪ್ಪಿತು. ಹ್ಯೂಸ್ಟನ್ನಿನ ಕೆನಿ ಸ್ಮಿತ್ ದೂರದಿಂದ ಮೂರು ಅಂಕದ ಎಸೆತ ಹಾಕಿ ಸಮ ಮಾಡಿದ. ಹೆಚ್ಚಿನ ಅವಧಿಯ ಆಟದಲ್ಲಿ ಹ್ಯೂಸ್ಟನ್ 120-118ರಿಂದ ಗೆದ್ದಿತು. ಮುಂದಿನ ಮೂರು ಪಂದ್ಯಗಳನ್ನೂ ಗೆದ್ದು ಸರಣಿಯನ್ನೇ ಒಯ್ದಿತು.

ಪಂದ್ಯ ಸೋಲುವುದು ಆಟದ ಸ್ವಭಾವ. ಆಂಡರ್ಸನ್ ಪಾಲಿಗೆ ಆ ನಾಲ್ಕು ಎಸೆತಗಳು ಅಂದಿಗೆ ಮುಗಿಯಲಿಲ್ಲ. 1996-97ರಲ್ಲಿ ಆತನ ಸರಾಸರಿ ನೂರಕ್ಕೆ 40ಕ್ಕೆ ಇಳಿದಿತ್ತು. ಅದೇ ತೋಳು, ಅದೇ ಬಳೆ, ಅದೇ ಹದಿನೈದು ಅಡಿ. ಮೈಗೆ ಆದ ಗಾಯವಾಗಿದ್ದರೆ ಕಟ್ಟು ಕಟ್ಟಿ ವಾಸಿ ಮಾಡಬಹುದಿತ್ತು.

ಮನಶ್ಶಾಸ್ತ್ರಜ್ಞರು ಇದನ್ನು ವಿವರಿಸುವ ಬಗೆ ಸ್ವಾರಸ್ಯವಾಗಿದೆ. ದಿನವೂ ಮೆಟ್ಟಿಲಿಳಿಯುವವನು ಯಾವ ಕಾಲನ್ನು ಎಲ್ಲಿ ಇಟ್ಟೆನೆಂದು ಯೋಚಿಸುವುದಿಲ್ಲ. ಯೋಚಿಸತೊಡಗಿದ ದಿನವೇ ಎಡವುತ್ತಾನೆ. ಸಾವಿರಾರು ಸಲ ಮಾಡಿ ಕೈಗೆ ಕರಗತವಾದ ಕ್ರಿಯೆಯನ್ನು, ಅಂಜಿಕೆಯ ವೇಳೆಯಲ್ಲಿ ಬುದ್ಧಿ ನಡುವೆ ಬಂದು ತಿದ್ದಹೊರಟರೆ ಕ್ರಿಯೆಯ ಓಘ ಮುರಿಯುತ್ತದೆ. ಪಂದ್ಯದ ಉಳಿದ ಹೊತ್ತಿನಲ್ಲಿ ಆಟಗಾರನಿಗೆ ಯೋಚಿಸಲು ಬಿಡುವೇ ಇಲ್ಲ. ಗೆರೆಯ ಹಿಂದೆ ಮಾತ್ರ ಧಾರಾಳವಾದ ಬಿಡುವು. ಆ ಬಿಡುವೇ ಅವನ ಶತ್ರು. ಎನ್.ಬಿ.ಎ. ಪಂದ್ಯಗಳ ಕೊನೆಯ ನಿಮಿಷವನ್ನು ಪರಿಶೀಲಿಸಿದವರು, ತಂಡ ಒಂದೇ ಅಂಕದಿಂದ ಹಿಂದಿರುವಾಗ ಆಟಗಾರರು ತಮ್ಮ ಸ್ವಂತ ಸರಾಸರಿಗಿಂತ ಕೆಳಗಿಳಿಯುತ್ತಾರೆಂದು ಕಂಡಿದ್ದಾರೆ.

ಎಲ್ಲರೂ ಕುಗ್ಗುತ್ತಾರೆಂದಲ್ಲ. 1972ರ ಮ್ಯೂನಿಕ್ ಒಲಿಂಪಿಕ್ಸಿನ ಅಂತಿಮ ಪಂದ್ಯದಲ್ಲಿ ಸೋವಿಯತ್ ತಂಡ 49-48ರಿಂದ ಮುಂದಿದ್ದಾಗ, ಮೂರು ಸೆಕೆಂಡು ಉಳಿದಿರುವಂತೆ ಅಮೆರಿಕದ ಡಗ್ ಕಾಲಿನ್ಸ್ ಎದುರಾಳಿಯ ಡಿಕ್ಕಿಗೆ ಸಿಕ್ಕಿ ಕಂಬದ ಬುಡಕ್ಕೆ ಬಿದ್ದ. ಮೇಲಕ್ಕೆದ್ದಾಗ ತಲೆ ಗಿರ್ರೆನ್ನುತ್ತಿತ್ತು. ನಡೆಯಬಲ್ಲನಾದರೆ ಅವನೇ ಎಸೆಯಲಿ ಎಂದರು ತಂಡದ ಗುರು ಹ್ಯಾಂಕ್ ಐಬಾ. ಕಾಲಿನ್ಸ್ ಮೊದಲನೆಯದನ್ನು ಹಾಕಿದ. ಎರಡನೆಯದಕ್ಕೆ ಕೈಯೆತ್ತುವಾಗ ಮೇಜಿನ ಕಡೆಯಿಂದ ಭೋಂಕಾರ ಮೊಳಗಿತು; ಆತ ಅತ್ತ ತಿರುಗದೆ ಅದನ್ನೂ ಹಾಕಿದ. ಅಮೆರಿಕ 50-49. ಅನಂತರ ಆ ಕೊನೆಯ ಮೂರು ಸೆಕೆಂಡುಗಳನ್ನು ಮತ್ತೆ ಮತ್ತೆ ಆಡಿಸಿ ಸೋವಿಯತ್ ತಂಡ 51-50ರಿಂದ ಗೆದ್ದದ್ದೂ, ಅಮೆರಿಕದ ಆಟಗಾರರು ಬೆಳ್ಳಿಯ ಪದಕಗಳನ್ನು ನಿರಾಕರಿಸಿದ್ದೂ ಇನ್ನೊಂದು ದೊಡ್ಡ ರಗಳೆ.

ಕೂಗು, ಕಣ್ಣು, ಕೈಗುಣ

ಹಲಗೆಯ ಹಿಂದೆ ಕುಳಿತ ಪ್ರೇಕ್ಷಕರು ಎದುರಾಳಿ ಎಸೆಯುವಾಗ ಮಾಡುವ ಚೇಷ್ಟೆಗೆ ಮಿತಿಯಿಲ್ಲ. ಅರಿಜೋನಾ ರಾಜ್ಯ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು 2013ರಲ್ಲಿ ಒಂದು ಪರದೆಯನ್ನೇ ಕಟ್ಟಿ, ಎಸೆಯುವ ಸಮಯಕ್ಕೆ ಸರಿಯಾಗಿ ಸರಕ್ಕನೆ ಸರಿಸಿ, ಒಳಗಿನ ವಿಚಿತ್ರ ವೇಷಗಳನ್ನು ತೋರಿಸತೊಡಗಿದರು. 2016ರ ಜನವರಿಯಲ್ಲಿ ಆ ಪರದೆಯಿಂದ ಪದಕಗಳನ್ನು ಧರಿಸಿ, ಈಜುಡುಗೆಯಲ್ಲಿ ಕುಣಿಯುತ್ತ ಹೊರಬಂದವನು ಬೇರಾರೂ ಅಲ್ಲ, ಒಲಿಂಪಿಕ್ ಈಜುಗಾರ ಮೈಕಲ್ ಫೆಲ್ಪ್ಸ್! ಎಸೆಯಲು ನಿಂತ ಪಾಪದ ಹುಡುಗ ಎರಡನ್ನೂ ತಪ್ಪಿದ. ಆದರೆ ಈ ಗದ್ದಲದ ಪ್ರಭಾವ ಒಟ್ಟಿನಲ್ಲಿ ಜನ ತಿಳಿದಷ್ಟಿಲ್ಲ. ಮಾಸ್ಕೊವಿಟ್ಸ್ ಮತ್ತು ವರ್ಟ್‌ಹೈಮ್ ಎಂಬ ಲೇಖಕರು ಸುಮಾರು ಎರಡು ದಶಕಗಳ ಎನ್.ಬಿ.ಎ. ಲೆಕ್ಕವನ್ನು ಜಾಲಾಡಿ 2011ರಲ್ಲಿ ತೋರಿಸಿದಂತೆ, ತವರಿನ ತಂಡದ ಸರಾಸರಿ ನೂರಕ್ಕೆ 75.9, ಹೊರಗಿನಿಂದ ಬಂದ ತಂಡದ್ದೂ 75.9.

ಒಂದು ಬಿದ್ದರೆ ಇನ್ನೊಂದೂ ಬೀಳುತ್ತದೆಂಬ 'ಕೈ ಕುದುರಿದೆ' ಎಂಬ ನಂಬಿಕೆಗೂ ಹೀಗೆಯೇ ಪೆಟ್ಟು ಬಿದ್ದಿದೆ. 1985ರಲ್ಲಿ ಗಿಲೊವಿಚ್, ವಲೋನ್, ಟ್ವೆರ್ಸ್ಕಿ ಎಂಬ ಮೂವರು ಬಾಸ್ಟನ್ ತಂಡದ ಜೋಡಿ ಎಸೆತಗಳನ್ನು ಲೆಕ್ಕ ಹಾಕಿದರು. ಲ್ಯಾರಿ ಬರ್ಡ್ ಮೊದಲನೆಯದನ್ನು ಹಾಕಿದಾಗ ಎರಡನೆಯದನ್ನೂ ನೂರಕ್ಕೆ 88 ಸಲ ಹಾಕಿದ್ದ. ಮೊದಲನೆಯದನ್ನು ತಪ್ಪಿದಾಗ 91 ಸಲ! ಈಚೆಗೆ ಇನ್ನೂ ಹೆಚ್ಚು ಎಸೆತಗಳನ್ನು ಎಣಿಸಿದವರು ಆ ನಂಬಿಕೆಯಲ್ಲಿ ಅಲ್ಪಸ್ವಲ್ಪ ಸತ್ಯವಿದೆಯೆಂದು ವಾದಿಸಿದ್ದಾರೆ. ಜಗಳ ಇನ್ನೂ ತೀರಿಲ್ಲ.

ಜಗಳವಿಲ್ಲದೆ ಮೆಚ್ಚಬಹುದಾದ ಶೋಧನೆ ಕೆನಡಾದ ಕ್ಯಾಲ್ಗರಿ ವಿಶ್ವವಿದ್ಯಾಲಯದ ಜೋನ್ ವಿಕರ್ಸ್ ಎಂಬ ಮಹಿಳೆಯದು. ದ್ರೋಣಾಚಾರ್ಯರು ಮರದ ಮೇಲಿನ ಹಕ್ಕಿಯನ್ನು ತೋರಿಸಿ ಶಿಷ್ಯರನ್ನು ಪರೀಕ್ಷಿಸಿದ ಕಥೆಯನ್ನು ಬಲ್ಲ ನಮ್ಮವರಿಗೆ ಇದು ಹೊಸದೆನಿಸಲಾರದು. ಆಟಗಾರರ ಕಣ್ಣಿನ ಚಲನೆಯನ್ನು ಉಪಕರಣದಿಂದ ಅಳೆದು ಆಕೆ 1996ರಲ್ಲಿ ಪ್ರಕಟಿಸಿದ ಪ್ರಕಾರ, ನುರಿತವರ ದೃಷ್ಟಿ ಎಸೆಯುವ ಮುನ್ನ ಬಳೆಯ ಒಂದೇ ಜಾಗದಲ್ಲಿ ಹೆಚ್ಚುಕಡಮೆ ಒಂದು ಸೆಕೆಂಡು ಅಲುಗದೆ ನಿಲ್ಲುತ್ತದೆ. ನುರಿಯದವರ ಕಣ್ಣು ಬಳೆ, ಹಲಗೆ, ಬಲೆ ಎಂದು ಅಲೆದಾಡುತ್ತದೆ. ಚೆಂಡು ಮೇಲಕ್ಕೆದ್ದು ಕಣ್ಣಿಗೆ ಅಡ್ಡ ಬಂದ ಮೇಲೆ ನುರಿತವರು ನೋಡುವ ಗೋಜಿಗೇ ಹೋಗುವುದಿಲ್ಲ.

ಬಹುಮಟ್ಟಿನ ಆಟಗಾರರು ಎಸೆಯುವ ಮೊದಲು ಚೆಂಡನ್ನು ಇಷ್ಟೇ ಸಲ ಪುಟಿಸುವುದು, ಉಸಿರನ್ನು ಎಳೆದು ಬಿಡುವುದು ಮುಂತಾದ ನಿತ್ಯಕ್ರಮಗಳನ್ನು ಪಾಲಿಸುತ್ತಾರೆ. ನೋಡುವವರಿಗೆ ಇದು ಮೂಢನಂಬಿಕೆಯೆನಿಸಬಹುದು. ಅಲೆಯುವ ಮನಸ್ಸಿಗೆ ಒಂದು ಕೆಲಸ ಕೊಟ್ಟು ಕೂರಿಸುವ ಉಪಾಯವದು. ಈ ಕ್ರಮವನ್ನು ಪರಾಕಾಷ್ಠೆಗೆ ಒಯ್ದವರು ಕ್ಯಾಲಿಫೋರ್ನಿಯಾದ ಟಾಮ್ ಆಂಬೆರಿ ಎಂಬ ಪಾದವೈದ್ಯರು. ವೃತ್ತಿಯಿಂದ ನಿವೃತ್ತರಾದ ಮೇಲೆ ಅವರಿಗೆ ಹತ್ತಿದ ಹುಚ್ಚಿದು. ಗೆರೆಗೆ ಪಾದವನ್ನು ಸರಿಯಾಗಿ ಹೊಂದಿಸಿ, ಚೆಂಡನ್ನು ಮೂರೇ ಸಲ ಪುಟಿಸಿ, ಅದಕ್ಕೆ ಗಾಳಿ ತುಂಬುವ ರಂಧ್ರದ ಮೇಲೆ ಕಣ್ಣು ನೆಟ್ಟು, ಅನಂತರ ಬಳೆಯನ್ನು ನೋಡಿ ಎಸೆಯುವುದು ಅವರ ಪದ್ಧತಿ. 1993ರ ನವೆಂಬರ್ 15ರಂದು, ತಮ್ಮ 71ನೆಯ ವಯಸ್ಸಿನಲ್ಲಿ, ಅವರು ಹನ್ನೆರಡು ಗಂಟೆಗಳ ಕಾಲ ಎಸೆಯುತ್ತ ಹೋಗಿ, ಒಂದೂ ತಪ್ಪದಂತೆ 2,750 ಫ್ರೀ ಥ್ರೋಗಳನ್ನು ಹಾಕಿದರು. ಅದೇ ವರ್ಷ ಎನ್.ಬಿ.ಎ.ಯಲ್ಲಿ ಮೈಕಲ್ ವಿಲಿಯಮ್ಸ್ ಸ್ಥಾಪಿಸಿದ ದಾಖಲೆ ಒಂದೂ ತಪ್ಪದಂತೆ 97. ಆಂಬೆರಿಯವರು 2,751ನೆಯದನ್ನು ಎಸೆಯಲಿಲ್ಲ. ವ್ಯಾಯಾಮಶಾಲೆಯ ಬಾಗಿಲು ಹಾಕುವ ಹೊತ್ತಾಗಿತ್ತು.